ಪುಣೆಗೆ ಓದಲು ಬಂದವರಿಗೆ: ಮನೆಯ ನೆನಪು ಕಾಡುವ ಮೊದಲ ಮೂರು ತಿಂಗಳು

ಬೆಳಗಾವಿಯಿಂದ ಪುಣೆಗೆ ಸುಮಾರು 340 ಕಿಲೋಮೀಟರ್. ರಾತ್ರಿ ಉಂಡು ಬಸ್ ಹತ್ತಿದರೆ ನಸುಕಿನಲ್ಲಿ ಸ್ವಾರಗೇಟ್. ಮೆಸ್ಸಿನ ತಾಟಿನಲ್ಲಿ ಜೋಳದ ಭಾಕರಿಯೂ ಸಿಗುತ್ತದೆ. ಆದರೂ ಜೂನ್-ಜುಲೈನಲ್ಲಿ ಕಾಲೇಜು ಸೇರಿದ ಮಕ್ಕಳು ಎರಡನೆಯ ವಾರಕ್ಕೇ ಊಟ ಬಿಡುತ್ತಾರೆ, ಚಾದರದೊಳಗೆ ಮುಖ ಮುಚ್ಚಿಕೊಂಡು ಅಳುತ್ತಾರೆ, ಶುಕ್ರವಾರ ಬಂತೆಂದರೆ ಬ್ಯಾಗು ಕಟ್ಟುತ್ತಾರೆ. "ಇಷ್ಟ ಹತ್ರ ಅದಿ, ಅದರಾಗ ಏನ್ ಬ್ಯಾಸರಾ?" ಎಂದು ಮನೆಯವರು ಕೇಳಿದಾಗ ನಾಚಿಕೆಯೂ ಸೇರಿಕೊಂಡು ಸಂಕಟ ಇಮ್ಮಡಿಯಾಗುತ್ತದೆ.

ನಾಚಬೇಕಾದ ಕಾರಣವಿಲ್ಲ. ಬಾಸೆಲ್ ನಗರದಲ್ಲಿ ವೈದ್ಯಕೀಯ ಓದುತ್ತಿದ್ದ ಜೊಹಾನ್ನೆಸ್ ಹೋಫರ್ ಎಂಬ ಯುವಕ 1688ರಲ್ಲಿ ಈ ಸಂಕಟದ ಮೇಲೆಯೇ ಪ್ರಬಂಧ ಬರೆದು ಅದಕ್ಕೆ 'ನಾಸ್ಟಾಲ್ಜಿಯಾ' ಎಂದು ಹೆಸರಿಟ್ಟ. ಗ್ರೀಕ್ ಭಾಷೆಯಲ್ಲಿ 'ನೋಸ್ಟೋಸ್' ಎಂದರೆ ಮನೆಗೆ ಮರಳುವುದು, 'ಆಲ್ಗೋಸ್' ಎಂದರೆ ನೋವು. ಅವನು ವಿವರಿಸಿದವರಲ್ಲಿ ಒಬ್ಬ, ಬರ್ನ್‌ನಿಂದ ಬಾಸೆಲ್‌ಗೆ ಓದಲು ಬಂದಿದ್ದ ಹುಡುಗ. ಆ ಎರಡು ಊರುಗಳ ನಡುವೆ ನೂರು ಕಿಲೋಮೀಟರ್ ದಾರಿ ಅಷ್ಟೇ. ಊರಿನ ಕಡೆ ಹೊರಡಿಸಿದ ಕೂಡಲೇ ಆ ಹುಡುಗ ಚೇತರಿಸಿಕೊಂಡನಂತೆ. ಈ ನೋವನ್ನು ಕಿಲೋಮೀಟರಿನಲ್ಲಿ ಅಳೆಯಲು ಬರುವುದಿಲ್ಲ. ಬೆಳಗಾದರೆ ಯಾರು ಎಬ್ಬಿಸುತ್ತಾರೆ, ಸಂಜೆ ಎಲ್ಲಿ ಕೂರಬೇಕು, ಜ್ವರ ಬಂದರೆ ಯಾರಿಗೆ ಹೇಳಬೇಕು ಎಂಬುದೆಲ್ಲ ಒಂದೇ ದಿನದಲ್ಲಿ ಅಳಿಸಿಹೋದರೆ ದೇಹವೇ ದಿಕ್ಕು ತಪ್ಪುತ್ತದೆ.

ಇದಕ್ಕೆ ಸಾಮಾನ್ಯವಾಗಿ ಎರಡು ಮದ್ದು ಹೇಳುತ್ತಾರೆ. ಒಂದು, ಗಟ್ಟಿಯಾಗಿ ಕೂತು ಮರೆತುಬಿಡು. ಇನ್ನೊಂದು, ನೆನಪಾದಾಗಲೆಲ್ಲ ಫೋನ್ ಮಾಡು, ವಾರ ವಾರ ಬಾ. ಎರಡೂ ಕೆಲಸಕ್ಕೆ ಬರುವುದಿಲ್ಲ. ಮನೆಯ ನೆನಪಿಗೆ ದಿನದಲ್ಲಿ ಒಂದು ಹೊತ್ತು ಗೊತ್ತು ಮಾಡಬೇಕು, ಉಳಿದ ಹೊತ್ತಿಗೆ ಪುಣೆಯಲ್ಲಿ ಒಂದೊಂದು ಗೊತ್ತಾದ ಜಾಗ, ಕೆಲಸ, ಮುಖ ಹುಡುಕಿಕೊಳ್ಳಬೇಕು. ಮುಂದಿನ ಹೆಜ್ಜೆಗಳೆಲ್ಲ ಇದಕ್ಕಾಗಿಯೇ.

ಹೊರಡುವ ಮುಂಚೆ

ತರಗತಿ ಶುರುವಾಗುವ ಮೂರು-ನಾಲ್ಕು ದಿನ ಮೊದಲೇ ಬನ್ನಿ. ಹಿಂದಿನ ರಾತ್ರಿ ಬಂದಿಳಿದರೆ ಕೋಣೆ, ಮೆಸ್, ಬಸ್ಸಿನ ದಾರಿ, ಕಾಲೇಜಿನ ಕಾಗದಪತ್ರ ಎಲ್ಲ ಒಟ್ಟಿಗೆ ಮೈಮೇಲೆ ಬೀಳುತ್ತವೆ, ಮೊದಲ ವಾರವೇ ಸೋತ ಭಾವ ಬರುತ್ತದೆ.

ಗಂಟು ಕಟ್ಟುವಾಗ ಮನೆಯಲ್ಲಿ ಬಳಸುತ್ತಿದ್ದ ಒಂದು ಹೊದಿಕೆ ಇರಲಿ. ಕೌದಿ ಇದ್ದರೆ ಅದನ್ನೇ ತನ್ನಿ. ಹೊಸ ಬ್ಲಾಂಕೆಟ್ಟಿಗೆ ಮನೆಯ ವಾಸನೆ ಇರುವುದಿಲ್ಲ. ಡಿಸೆಂಬರ್-ಜನವರಿಯಲ್ಲಿ ಪುಣೆಯ ರಾತ್ರಿ 10 ಡಿಗ್ರಿಯ ಆಸುಪಾಸಿಗೆ ಇಳಿಯುತ್ತದೆ, ಕೌದಿ ಆಗ ಚಳಿಗೂ ಆಗುತ್ತದೆ. ಮನೆಯವರ ಫೋಟೋ ಒಂದು ಸಾಕು. ಗೋಡೆ ತುಂಬ ಅಂಟಿಸಿದರೆ ಕೋಣೆಗೆ ಕಾಲಿಟ್ಟಾಗಲೆಲ್ಲ ಎದೆ ಕಲಕುತ್ತದೆ.

ತಂದೆ-ತಾಯಿಗೆ ಒಂದು ಮಾತು. ಬಿಟ್ಟುಹೋಗಲು ಬಂದರೆ ಒಂದು ರಾತ್ರಿ ಉಳಿಯಿರಿ, ಮರುದಿನ ಬೆಳಿಗ್ಗೆಯೇ ಹೊರಡಿ. ಸಂಜೆ ಹೊರಟರೆ ದಿನದ ಅತಿ ಭಾರದ ಹೊತ್ತಿನಲ್ಲಿ ಮಗುವನ್ನು ಒಂಟಿ ಮಾಡಿದಂತೆ. ಹೊರಡುವಾಗ "ಬ್ಯಾಸರಾದ್ರ ಒಂದ್ ಫೋನ್ ಹಚ್ಚು, ನಾಳೆನ ಬಂದ್ ಕರಕೊಂಡ್ ಹೋಗ್ತೇವಿ" ಎಂದು ಮಾತ್ರ ಹೇಳಬೇಡಿ. ಪ್ರೀತಿಯಿಂದ ಆಡಿದ ಮಾತೇ ಆದರೂ ಮಗುವಿನ ಮನಸ್ಸಿಗೆ ಅದು "ನಿನ್ನಿಂದ ಆಗಲಿಕ್ಕಿಲ್ಲ" ಎಂದು ಕೇಳಿಸುತ್ತದೆ. ಬೇಸರ ಬಂದಾಗಲೆಲ್ಲ ಅದನ್ನು ದಾಟುವ ದಾರಿ ಹುಡುಕುವ ಬದಲು ಆ ಫೋನಿನ ಕಡೆಗೇ ಕೈ ಹೋಗುತ್ತದೆ. "ಗಣಪತಿ ಹಬ್ಬಕ್ಕ ಬರ್ತಿ, ಟಿಕೆಟ್ ತಗಸೇನಿ" ಎಂದು ಗೊತ್ತಾದ ತಾರೀಖು ಕೊಟ್ಟು ಹೊರಡಿ. ಕಾಯಲು ಒಂದು ದಿನ ಗೊತ್ತಿದ್ದರೆ ಕಾಯುವುದು ಹಗುರ.

ಕೋಣೆ

ಸದಾಶಿವ ಪೇಠ, ನಾರಾಯಣ ಪೇಠ, ಕರ್ವೆನಗರ, ಕೋಥ್ರೂಡ್ ಕಡೆ 'ಕಾಟ್ ಬೇಸಿಸ್' ಎಂಬ ಬೋರ್ಡು ಕಾಣುತ್ತದೆ. ಕೋಣೆಯಲ್ಲಿ ಒಂದು ಮಂಚ, ಒಂದು ಕಪಾಟು ನಿಮ್ಮದು, ಉಳಿದದ್ದೆಲ್ಲ ಹಂಚಿಕೊಳ್ಳಬೇಕು. ಹಾಸ್ಟೆಲ್ ಸಿಗದವರಿಗೆ ಇದು ಒಳ್ಳೆಯ ವ್ಯವಸ್ಥೆ. ದುಡ್ಡು ಉಳಿಯುತ್ತದೆ, ಅದಕ್ಕಿಂತ ಮುಖ್ಯವಾಗಿ ಸಂಜೆ ಕೋಣೆಯಲ್ಲಿ ಇನ್ನೊಂದು ಜೀವ ಇರುತ್ತದೆ. ಮೊದಲ ವರ್ಷವೇ ಒಂಟಿ ಕೋಣೆ ಹಿಡಿಯುವುದು ಬೇಡ.

ಜೊತೆಗಾರರಲ್ಲಿ ಒಬ್ಬ ಕನ್ನಡದವರಿದ್ದರೆ ಸಾಕು. ನಾಲ್ವರೂ ಒಂದೇ ತಾಲೂಕಿನವರಾದರೆ ಮೊದಲ ತಿಂಗಳು ಹಾಯೆನಿಸುತ್ತದೆ, ಆಮೇಲೆ ಒಬ್ಬರ ಬೇಸರ ಇನ್ನೊಬ್ಬರಿಗೆ ಅಂಟುತ್ತದೆ. ಒಬ್ಬ ಊರಿಗೆ ಹೊರಟರೆ ನಾಲ್ವರೂ ಹೊರಡುತ್ತಾರೆ, ಡಿಸೆಂಬರ್ ಬಂದರೂ ಪುಣೆಯ ಒಬ್ಬ ಗೆಳೆಯನಿರುವುದಿಲ್ಲ.

ಬಂದ ದಿನವೇ ಬ್ಯಾಗು ಬಿಚ್ಚಿ ಬಟ್ಟೆ ಕಪಾಟಿಗೆ ಹಾಕಿ. ಇದು ಸಣ್ಣ ಮಾತಲ್ಲ. ಬಿಚ್ಚದ ಬ್ಯಾಗು ಮಂಚದ ಕೆಳಗೆ ಕೂತು ದಿನವೂ 'ಹೋಗೋಣ' ಎನ್ನುತ್ತದೆ. ಮೊದಲ ವಾರ ಮಲಗುವ, ಏಳುವ ಹೊತ್ತು ಮನೆಯಲ್ಲಿದ್ದಂತೆಯೇ ಇರಲಿ. ನಿದ್ದೆ ಕೆಟ್ಟರೆ ಮರುದಿನದ ಬೇಸರ ಎರಡು ಪಟ್ಟಾಗುತ್ತದೆ.

ಏಳು ದಿನದ ಲೆಕ್ಕ

ಬೇಸರ ದಿನವಿಡೀ ಇದೆ ಎಂದು ಅನ್ನಿಸುತ್ತದೆ, ಆದರೆ ಬರೆದು ನೋಡಿದರೆ ಹಾಗಿರುವುದಿಲ್ಲ. ಒಂದು ಹಾಳೆಯಲ್ಲಿ ನಾಲ್ಕು ಗೆರೆ ಎಳೆಯಿರಿ. ಹೊತ್ತು, ಅದಕ್ಕೆ ಮೊದಲು ಏನಾಯಿತು, ಭಾರ ಎಷ್ಟು (0ಯಿಂದ 10ರ ತನಕ), ಆಗ ಏನು ಮಾಡಿದೆ. ದಿನಕ್ಕೆ ಎರಡು-ಮೂರು ಸಾಲು ಸಾಕು. 'ಸಂಜೆ 6:40, ಕ್ಲಾಸ್ ಮುಗಿಸಿ ಖಾಲಿ ಕೋಣೆಗೆ ಬಂದೆ, 8, ಮಲಗಿ ಫೋನ್ ನೋಡಿದೆ.' 'ರವಿವಾರ ಮಧ್ಯಾಹ್ನ 3, ಊಟ ಆಗಿತ್ತು, ತಂಗಿಯ ಸ್ಟೇಟಸ್ ನೋಡಿದೆ, 9, ಅತ್ತುಬಿಟ್ಟೆ.' 'ಬುಧವಾರ ಲ್ಯಾಬ್, 1.'

ಏಳು ದಿನ ಕಳೆದ ಮೇಲೆ ಹಾಳೆಯನ್ನು ನೋಡಿ. ಬಹುತೇಕರಲ್ಲಿ ಭಾರ ಎರಡು-ಮೂರು ಹೊತ್ತಿನಲ್ಲೇ ಕೂಡಿಕೊಂಡಿರುತ್ತದೆ: ಕ್ಲಾಸು ಮುಗಿದು ರಾತ್ರಿ ಊಟದ ತನಕದ ಹೊತ್ತು, ರವಿವಾರದ ಮಧ್ಯಾಹ್ನ, ದೀಪ ಆರಿಸಿದ ಮೇಲಿನ ಅರ್ಧ ತಾಸು. ಮದ್ದು ಹಾಕಬೇಕಾದ್ದು ಆ ಹೊತ್ತುಗಳಿಗೆ. ಇಡೀ ದಿನಕ್ಕೆ ಮದ್ದು ಹುಡುಕಲು ಹೋದರೆ ಕೈಗೆ ಏನೂ ಹತ್ತುವುದಿಲ್ಲ.

ಲೆಕ್ಕದಲ್ಲಿ ಬೇರೆಯದೇ ಕಾಣಬಹುದು. ಭಾರವೆಲ್ಲ ಒಬ್ಬ ಸೀನಿಯರ್ ಎದುರಾದ ದಿನಗಳಲ್ಲೇ ಇದ್ದರೆ ಅದು ಮನೆಯ ನೆನಪಲ್ಲ, ರ‍್ಯಾಗಿಂಗ್. ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗದ) ಸಹಾಯವಾಣಿ 1800-180-5522ಕ್ಕೆ ಕರೆ ಮಾಡಿ. ಇಂಗ್ಲಿಷ್ ಪಾಠ ತಲೆಗೆ ಹತ್ತದ ದಿನಗಳಲ್ಲೇ ಇದ್ದರೆ ಬೇಕಾದ್ದು ಊರಿನ ಟಿಕೆಟ್ ಅಲ್ಲ, ಆ ವಿಷಯ ಬಿಡಿಸಿ ಹೇಳುವ ಒಬ್ಬ ಸಹಪಾಠಿ. ಕನ್ನಡ ಮಾಧ್ಯಮದಲ್ಲಿ ಓದಿ ಬಂದವರಲ್ಲಿ ಇದು ಹೆಚ್ಚು, ಇದನ್ನೇ ಮನೆಯ ಬೇಸರ ಎಂದು ತಿಳಿದು ಒಳಗೊಳಗೇ ಕೊರಗುತ್ತಾರೆ.

ಊಟ

ಮನೆಯ ನೆನಪು ಮೊದಲು ನಾಲಿಗೆಗೆ ಬರುತ್ತದೆ. ಮೆಸ್ಸಿನ ಆಮಟಿಗೆ (ಮರಾಠಿ ತೊವ್ವೆಗೆ) ಬೆಲ್ಲ ಬಿದ್ದಿರುತ್ತದೆ, ಮಸಾಲೆ ಬೇರೆ, ಚಪಾತಿ ಬೇರೆ. ಮೈಸೂರು ಕಡೆಯವರಿಗೆ ಸಾರು ಇಲ್ಲ, ಮಂಗಳೂರು ಕಡೆಯವರಿಗೆ ತೆಂಗಿನೆಣ್ಣೆಯ ಪರಿಮಳ ಇಲ್ಲ, ವಿಜಯಪುರ ಕಡೆಯವರಿಗೆ ಭಾಕರಿ ಇದ್ದರೂ ಜೊತೆಗೆ ಎಣಗಾಯಿ ಇಲ್ಲ. 'ಸೇರುವುದಿಲ್ಲ' ಎಂದು ಅರ್ಧ ಉಂಡು ಎದ್ದರೆ ರಾತ್ರಿ ಹಸಿವು, ಹಸಿವಿಗೆ ನಿದ್ದೆ ಇಲ್ಲ, ನಿದ್ದೆ ಇಲ್ಲದ ಮನಸ್ಸಿಗೆ ಎಲ್ಲವೂ ಕಪ್ಪು. ಹಾಗಾಗಿ ಊಟವನ್ನು ಸರಿಮಾಡಿಕೊಳ್ಳುವುದು ನಾಲಿಗೆಯ ಚಪಲವಲ್ಲ, ಮದ್ದಿನ ಮೊದಲ ಭಾಗ.

ಮೆಸ್ ಗೊತ್ತು ಮಾಡುವ ಮೊದಲು ಮೂರು ಮೆಸ್ಸಿನಲ್ಲಿ ಒಂದೊಂದು ಹೊತ್ತು ಬಿಡಿ ಊಟ ಮಾಡಿ ನೋಡಿ. ತಿಂಗಳ ದುಡ್ಡು ಮುಂಗಡ ಕಟ್ಟುವ ಮುನ್ನ ಮೂರು ಪ್ರಶ್ನೆ ಕೇಳಿ: ಭಾಕರಿ ದಿನವೂ ಇದೆಯೇ, ಊರಿಗೆ ಹೋದ ದಿನಗಳನ್ನು ಕಳೆಯುತ್ತಾರೆಯೇ, ರವಿವಾರ ರಾತ್ರಿ ತೆರೆದಿರುತ್ತದೆಯೇ. ಮೂರನೆಯದು ಮುಖ್ಯ. ಪುಣೆಯ ಎಷ್ಟೋ ಮೆಸ್‌ಗಳಲ್ಲಿ ರವಿವಾರ ಮಧ್ಯಾಹ್ನ ಸಿಹಿಯೂಟ, ರಾತ್ರಿ ರಜೆ. ವಾರದ ಅತಿ ಒಂಟಿ ರಾತ್ರಿಯೇ ಖಾಲಿ ಹೊಟ್ಟೆಯ ರಾತ್ರಿಯೂ ಆಗುತ್ತದೆ. ರವಿವಾರ ರಾತ್ರಿಗೆ ನಿಮ್ಮದೇ ಅಡುಗೆ ಗೊತ್ತು ಮಾಡಿಕೊಳ್ಳಿ.

ಒಲೆ ಹಚ್ಚಲು ಬಿಡದ ಕೋಣೆಯಲ್ಲೂ ಆಗುವುದು ಹಚ್ಚಿದ ಅವಲಕ್ಕಿ. ಅಂಗಡಿಯಲ್ಲಿ 'ಪಾತಳ ಪೋಹೆ' ಎಂದು ಕೇಳಿ, ತೆಳು ಅವಲಕ್ಕಿ ಕೊಡುತ್ತಾರೆ. ಬರೀ 'ಪೋಹೆ' ಎಂದರೆ ದಪ್ಪದ್ದು ಬರುತ್ತದೆ, ಅದು ನೆನೆಸದೆ ತಿನ್ನಲು ಬರುವುದಿಲ್ಲ. ಒಬ್ಬರಿಗೆ 75 ಗ್ರಾಂ ಅವಲಕ್ಕಿ, ಒಂದು ಸಣ್ಣ ಉಳ್ಳಾಗಡ್ಡಿ, ಒಂದು ದೊಡ್ಡ ಚಮಚ ಶೇಂಗಾ ಎಣ್ಣೆ, ಎರಡು ಸಣ್ಣ ಚಮಚ ಮೆಂತ್ಯದ ಹಿಟ್ಟು (ಬರೀ ಮೆಂತ್ಯವಲ್ಲ, ಬೇಳೆ-ಕಾಳು ಹುರಿದು ಮಾಡಿದ ಪುಡಿ), ಒಂದು ಚಮಚ ಶೇಂಗಾ ಚಟ್ನಿಪುಡಿ, ಉಪ್ಪು, ಚಿಟಿಕೆ ಸಕ್ಕರೆ. ಮೊದಲು ಸಣ್ಣಗೆ ಹೆಚ್ಚಿದ ಉಳ್ಳಾಗಡ್ಡಿಗೆ ಎಣ್ಣೆ, ಪುಡಿಗಳು, ಉಪ್ಪು, ಸಕ್ಕರೆ ಹಾಕಿ ಕೈಯಿಂದ ಹಿಚುಕಿ. ಉಳ್ಳಾಗಡ್ಡಿ ನೀರು ಬಿಟ್ಟ ಮೇಲೆ ಅವಲಕ್ಕಿ ಸೇರಿಸಿ ಹಗುರವಾಗಿ ಕಲಸಿ ತಕ್ಷಣ ತಿನ್ನಿ. ಹತ್ತು ನಿಮಿಷ ಬಿಟ್ಟರೆ ಮೆತ್ತಗಾಗುತ್ತದೆ. ಮಳೆಗಾಲದಲ್ಲಿ ಅವಲಕ್ಕಿ ಹಸಿ ಹಿಡಿಯುವುದರಿಂದ ಗಟ್ಟಿ ಮುಚ್ಚಳದ ಡಬ್ಬಿಯಲ್ಲಿಡಿ, ಅರ್ಧ ಕಿಲೋಗಿಂತ ಹೆಚ್ಚು ಒಮ್ಮೆಗೆ ಕೊಳ್ಳಬೇಡಿ. ಮೆಂತ್ಯದ ಹಿಟ್ಟು ಖಾಲಿಯಾದರೆ ಇಲ್ಲಿನ 'ಮೇತಕೂಟ್' ಕೊಳ್ಳಿ, ಎರಡೂ ಅಕ್ಕ-ತಂಗಿಯಂತೆ.

ಇಂಡಕ್ಷನ್ ಒಲೆ ಬಿಡುವ ಕೋಣೆಯಾದರೆ ಹಳೇ ಮೈಸೂರಿನವರು ಮುದ್ದೆಯನ್ನೂ ಮಾಡಿಕೊಳ್ಳಬಹುದು. ರಾಗಿಗೆ ಇಲ್ಲಿ 'ನಾಚಣಿ' ಎನ್ನುತ್ತಾರೆ, ಹಿಟ್ಟಿಗೆ 'ನಾಚಣೀಚಂ ಪೀಠ'. ಒಂದು ಬಟ್ಟಲು ಹಿಟ್ಟಿಗೆ ಎರಡು ಬಟ್ಟಲು ನೀರು. ನೀರಿಗೆ ಉಪ್ಪು ಮತ್ತು ಒಂದು ಚಮಚ ಹಿಟ್ಟು ಕದಡಿ ಚೆನ್ನಾಗಿ ಕುದಿಸಿ. ಉಳಿದ ಹಿಟ್ಟನ್ನು ನಡುವೆ ಗುಡ್ಡೆಯಾಗಿ ಸುರಿದು ಉರಿ ತಗ್ಗಿಸಿ ನಾಲ್ಕೈದು ನಿಮಿಷ ಕೈ ಹಾಕದೆ ಬಿಡಿ. ಗಂಟಾಗುವುದು ಅವಸರ ಮಾಡಿ ಮೊದಲೇ ತಿರುವುವುದರಿಂದ, ಹಸಿ ವಾಸನೆ ಬರುವುದು ನೀರು ಕುದಿಯುವ ಮೊದಲೇ ಹಿಟ್ಟು ಹಾಕುವುದರಿಂದ. ಆಮೇಲೆ ಕೋಲಿನಿಂದ ಒತ್ತಿ ತಿರುವಿ, ಮುಚ್ಚಿ ಮೂರು ನಿಮಿಷ ಬಿಟ್ಟು, ಒದ್ದೆ ಕೈಯಲ್ಲಿ ಉಂಡೆ ಕಟ್ಟಿ. ಅಕ್ಕಿ ಕೊಳ್ಳುವಾಗ ಇಂದ್ರಾಯಣಿ ಬೇಡ, ಅನ್ನ ಅಂಟಂಟಾಗುತ್ತದೆ. ಸೋನಾಮಸೂರಿ ರೂಢಿಯಿದ್ದವರಿಗೆ ಕೋಲಮ್ ಹತ್ತಿರ. ಕುಚ್ಚಲಕ್ಕಿ ಬೇಕಾದವರು ಕೇರಳದವರ ಅಂಗಡಿಗಳಲ್ಲಿ ಹುಡುಕಿ.

ಮನೆಯಿಂದ ಬರುವ ಚಟ್ನಿಪುಡಿಯ ಬಗ್ಗೆ ಒಂದು ಎಚ್ಚರ. ಎರಡು ಕಿಲೋ ತಂದು ಮೂರು ಹೊತ್ತೂ ಅದನ್ನೇ ತಿಂದರೆ ಇಲ್ಲಿನ ಊಟಕ್ಕೆ ನಾಲಿಗೆ ಒಗ್ಗುವುದೇ ಇಲ್ಲ, ಪುಡಿ ಮುಗಿದ ದಿನ ಬೇಸರ ಮೊದಲಿನಿಂದ ಶುರುವಾಗುತ್ತದೆ. ದಿನಕ್ಕೆ ಒಂದೇ ಹೊತ್ತು, ಒಂದು ಚಮಚ. ಒಬ್ಬರಿಗೆ ತಿಂಗಳಿಗೆ ಕಾಲು ಕಿಲೋ ಸಾಕು. ಶೇಂಗಾ, ಗುರೆಳ್ಳಿನ ಪುಡಿಗಳಲ್ಲಿ ಎಣ್ಣೆಯಂಶ ಹೆಚ್ಚು, ಒದ್ದೆ ಚಮಚ ತಾಗಿದರೆ ಮಳೆಗಾಲದಲ್ಲಿ ಬೇಗ ಕಮಟು ಹಿಡಿಯುತ್ತದೆ. ಎರಡು ಸಣ್ಣ ಬಾಟಲಿ ಮಾಡಿ ಒಂದು ಮುಗಿಯುವ ತನಕ ಇನ್ನೊಂದನ್ನು ತೆರೆಯಬೇಡಿ. ಮುಗಿದರೂ ಚಿಂತೆಯಿಲ್ಲ. ಸೊಲ್ಲಾಪುರದ ಶೇಂಗಾ ಚಟ್ನಿ ಪುಣೆಯ ಅಂಗಡಿಗಳಲ್ಲಿ ಸುಲಭವಾಗಿ ಸಿಗುತ್ತದೆ. ಗುರೆಳ್ಳಿಗೆ 'ಕಾರಳೆ', ಅಗಸಿಗೆ 'ಜವಸ' ಎಂದು ಕೇಳಿ.

ಫೋನ್

ಮೊದಲ ಎರಡು ವಾರ ದಿನಕ್ಕೊಂದು ಕರೆ, 15 ನಿಮಿಷ, ರಾತ್ರಿ ಊಟವಾದ ಮೇಲೆ, ಒಂದೇ ಹೊತ್ತಿಗೆ. ಮೂರನೆಯ ವಾರದಿಂದ ದಿನ ಬಿಟ್ಟು ದಿನ. ಕಟ್ಟುನಿಟ್ಟಿಗಾಗಿ ಇದನ್ನು ಹೇಳುತ್ತಿಲ್ಲ. ಹೊತ್ತು ಗೊತ್ತಿದ್ದರೆ ದಿನದಲ್ಲಿ ಕಂಡದ್ದನ್ನು 'ರಾತ್ರಿ ಅವ್ವಗ ಹೇಳಬೇಕು' ಎಂದು ಕೂಡಿಟ್ಟುಕೊಳ್ಳುತ್ತೀರಿ, ಹಾಗೆ ಕೂಡಿಡಲಿಕ್ಕಾದರೂ ಪುಣೆಯನ್ನು ಕಣ್ಣು ತೆರೆದು ನೋಡುತ್ತೀರಿ.

ಬೇಸರ ತುದಿಗೇರಿದಾಗಲೇ ಫೋನ್ ಮಾಡಬೇಡಿ. ಮೊದಲು 20 ನಿಮಿಷ ಹೊರಗೆ ನಡೆದು ಬನ್ನಿ, ನೀರು ಕುಡಿಯಿರಿ, ಆಮೇಲೆ ಮಾಡಿ. ತುದಿಯಲ್ಲಿದ್ದಾಗ ಅತ್ತು ಹೇಳಿದರೆ ನಿಮಗೆ ಹಗುರಾಗಿ ನಿದ್ದೆ ಬರುತ್ತದೆ, ಅಲ್ಲಿ ಅವ್ವ ರಾತ್ರಿಯಿಡೀ ಎದ್ದಿರುತ್ತಾಳೆ. ಮರುದಿನ ಬೆಳಿಗ್ಗೆ ಅವಳ ಗಾಬರಿಯ ಕರೆ ಬಂದು ನೀವು ಮರೆತದ್ದನ್ನು ಮತ್ತೆ ಎಬ್ಬಿಸುತ್ತದೆ. ಹೀಗಂತ ಬೇಸರವನ್ನು ಮುಚ್ಚಿಡಬೇಕಿಲ್ಲ. "ಸಂಜಿಗೆ ಭಾಳ ನೆನಪಾಗಿತ್ತು, ಈಗ ಆರಾಮ ಅದೇನಿ" ಎನ್ನುವುದು ಸತ್ಯವೂ ಹೌದು, ಕೇಳುವವರಿಗೂ ತಡೆದುಕೊಳ್ಳಲು ಆಗುತ್ತದೆ.

ವಿಡಿಯೋ ಕರೆ ಎಲ್ಲರಿಗೂ ಹಿತವಲ್ಲ. ಹಬ್ಬದ ದಿನ ಅಡುಗೆಮನೆ, ಹೊಸ ಬಟ್ಟೆ, ನೆಂಟರು ಎಲ್ಲ ತೆರೆಯ ಮೇಲೆ ಕಂಡರೆ ನೋವು ಹೆಚ್ಚುತ್ತದೆ ಎನ್ನುವವರು ದನಿಯಲ್ಲಷ್ಟೇ ಮಾತಾಡಿ. ಮನೆಯವರ ವಾಟ್ಸಾಪ್ ಗುಂಪಿನ ಸದ್ದು ನಿಲ್ಲಿಸಿ, ರಾತ್ರಿ ಒಮ್ಮೆ ತೆರೆದು ನೋಡಿ.

ಮನೆಯವರು ಕೇಳುವ ಪ್ರಶ್ನೆಯಲ್ಲೂ ಮದ್ದಿದೆ. "ಊಟ ಸೇರ್ತದೇನು? ಬ್ಯಾಸರ ಆಗೇತೇನು?" ಎಂದೇ ಶುರುಮಾಡಿದರೆ ಉತ್ತರ ಅಳುವೇ. "ಇವತ್ತ ಯಾರ ಜೋಡಿ ಉಂಡಿ? ಏನ್ ಕಲಿಸಿದ್ರು?" ಎಂದು ಕೇಳಿ. ಒಂದು ವಾರ ಕೇಳಿದರೂ ಜೊತೆಗೆ ಉಂಡವರ ಹೆಸರೇ ಬರದಿದ್ದರೆ ಆಗ ಚಿಂತಿಸಿ.

ಸಂಜೆ ಆರರಿಂದ ಎಂಟು

ಈ ಹೊತ್ತಿನಲ್ಲಿ ಕೋಣೆಯಲ್ಲಿ ಇರಬೇಡಿ. ಪುಣೆಯವರಿಗೆ ಟೇಕಡಿಗೆ (ಊರೊಳಗಿನ ಗುಡ್ಡಕ್ಕೆ) ಹೋಗುವ ಒಳ್ಳೆಯ ರೂಢಿಯಿದೆ. ವೇತಾಳ ಟೇಕಡಿ, ಹನುಮಾನ ಟೇಕಡಿ, ತಳಜಾಯಿ, ಪರ್ವತಿ, ಯಾವುದು ಹತ್ತಿರವೋ ಅದು. ಕತ್ತಲಾಗುವ ಮೊದಲೇ, ಇಬ್ಬರಾದರೂ ಕೂಡಿ ಹೋಗಿ. ಪರ್ವತಿಯ ಮೆಟ್ಟಿಲು ಹತ್ತಿ ಇಳಿದರೆ ಹಸಿವಾಗುತ್ತದೆ, ಹಸಿದು ಉಂಡರೆ ನಿದ್ದೆ ಬರುತ್ತದೆ. ಮೂರು ವಾರ ಒಂದೇ ಹೊತ್ತಿಗೆ ಹೋದರೆ ನಾಲ್ಕು ಮುಖ ಗುರುತಾಗುತ್ತವೆ, ಯಾರೋ ಆಜೋಬಾ (ಅಜ್ಜ) ತಲೆಯಾಡಿಸುತ್ತಾರೆ. ಗುರುತಿನ ಮುಖ ಎದುರಾಗುವ ಊರು ಅರ್ಧ ನಮ್ಮದಾದಂತೆ.

ಮಳೆಯ ದಿನಗಳಿಗೆ 'ಅಭ್ಯಾಸಿಕಾ' ಇದೆ. ಪೇಠೆಗಳಲ್ಲಿ ಸ್ಪರ್ಧಾ ಪರೀಕ್ಷೆಗೆ ಓದುವವರಿಗಾಗಿ ನಡೆಯುವ ಓದುಕೋಣೆಗಳು, ತಿಂಗಳ ಶುಲ್ಕ ಕಟ್ಟಿದರೆ ಒಂದು ಮೇಜು ಕುರ್ಚಿ ನಿಮ್ಮದು. ಮಾತು ಬೇಕಿಲ್ಲ, ಸುತ್ತ ಓದುವವರಿದ್ದಾರೆ ಎಂಬುದೇ ಸಾಕು.

ಭಾಷೆ

ಮರಾಠಿ ಬಾರದೆ ಬರೀ ಹಿಂದಿಯಲ್ಲಿ ದಿನ ದೂಡಿದರೆ ವರ್ಷ ಕಳೆದರೂ ನೆಂಟರ ಮನೆಯಲ್ಲಿ ಉಳಿದಂತೆಯೇ ಇರುತ್ತದೆ. ಕನ್ನಡದವರಿಗೆ ಇದು ಕಷ್ಟದ ಭಾಷೆಯಲ್ಲ. ನಮ್ಮ ನಾಲಿಗೆಗೆ 'ಳ' ಹುಟ್ಟಿನಿಂದ ಬರುತ್ತದೆ, ಉತ್ತರದಿಂದ ಬಂದ ಸಹಪಾಠಿಗಳು ಅದಕ್ಕೇ ತಡವರಿಸುತ್ತಾರೆ. ಖಾನಾವಳಿ ಇಲ್ಲಿ ಖಾನಾವಳ, ತುಪ್ಪ ತೂಪ, ಉಸುಳಿ ಉಸಳ, ಅಣ್ಣ-ಅಕ್ಕ ಅಣ್ಣಾ-ಅಕ್ಕಾ. ಮೊದಲ ತಿಂಗಳಿಗೆ ಇಷ್ಟು ಸಾಕು: 'ಹೇ ಕಿತೀಲಾ?' (ಇದು ಎಷ್ಟಕ್ಕೆ?), 'ತಿಖಟ ಕಮೀ ಕರಾ' (ಖಾರ ಕಡಿಮೆ ಮಾಡಿ), 'ಬಸ್ ಕುಠೇ ಥಾಂಬತೇ?' (ಬಸ್ ಎಲ್ಲಿ ನಿಲ್ಲುತ್ತದೆ?), 'ಉದ್ಯಾ ಮೆಸ್ ಚಾಲೂ ಆಹೇ ಕಾ?' (ನಾಳೆ ಮೆಸ್ ಇದೆಯೇ?), 'ಮಲಾ ಮರಾಠಿ ಥೋಡಂ ಯೇತಂ, ಹಳೂ ಬೋಲಾ' (ನನಗೆ ಮರಾಠಿ ಸ್ವಲ್ಪ ಬರುತ್ತದೆ, ನಿಧಾನ ಮಾತಾಡಿ). ಕೊನೆಯ ವಾಕ್ಯವನ್ನು ಮೊದಲು ಕಲಿಯಿರಿ, ಅದನ್ನು ಕೇಳಿದವರ ಮುಖವೇ ಬದಲಾಗುತ್ತದೆ.

ಪೇಠೆಯ ಅಂಗಡಿಯವರು ಚುಟುಕಾಗಿ ಉತ್ತರಿಸುತ್ತಾರೆ. ಗೋಡೆಯ ಮೇಲಿನ ಸೂಚನಾ ಫಲಕಗಳೂ ಖಡಕ್ಕಾಗಿರುತ್ತವೆ. ಹೊಸಬರು ಇದನ್ನು 'ನಾನು ಹೊರಗಿನವನು ಅಂತ ಹೀಗೆ' ಎಂದು ಮನಸ್ಸಿಗೆ ಹಚ್ಚಿಕೊಳ್ಳುತ್ತಾರೆ. ಅಲ್ಲ, ಊರಿನ ರೀತಿಯೇ ಹಾಗೆ. ಹುಟ್ಟಿ ಬೆಳೆದವರಿಗೂ ಅದೇ ಉತ್ತರ ಸಿಗುತ್ತದೆ.

ಕನ್ನಡ ಕೇಳುವ ಕಡೆ

ತಿಂಗಳಿಗೆ ಎರಡು ಬಾರಿಯಾದರೂ ಬಾಯಿ ತುಂಬ ಕನ್ನಡ ಆಡಬೇಕು. ಎರಂಡವಣೆಯ ಗಣೇಶನಗರದಲ್ಲಿ ಪುಣೆ ಕನ್ನಡ ಸಂಘದ ಡಾ. ಕಲ್ಮಾಡಿ ಶಾಮರಾವ್ ಶಾಲೆಯಿದೆ. ಅಲ್ಲಿ ಹೋಗಿ ವಿದ್ಯಾರ್ಥಿ ಎಂದು ಪರಿಚಯ ಹೇಳಿ, ಮುಂದಿನ ಕಾರ್ಯಕ್ರಮ ಯಾವಾಗ ಎಂದು ಕೇಳಿ. ಬರೀ ಪ್ರೇಕ್ಷಕರಾಗಿ ಹೋಗಿಬಂದರೆ ಪರಿಚಯ ಬೆಳೆಯುವುದಿಲ್ಲ, ಕುರ್ಚಿ ಹಾಕುವ ಕೆಲಸವಾದರೂ ಕೇಳಿ ಪಡೆಯಿರಿ. ಪುಣೆಯ ಉಡುಪಿ ಹೋಟೆಲುಗಳ ಗಲ್ಲೆಯ ಮೇಲೆ ತುಳು, ಕನ್ನಡ ಬಲ್ಲವರು ಸಿಗುತ್ತಾರೆ. ಫರ್ಗ್ಯುಸನ್ ಕಾಲೇಜು ರಸ್ತೆಯ ಹೆಸರಾಂತ ವೈಶಾಲಿ ಹೋಟೆಲನ್ನು ಬೆಳೆಸಿದ ಜಗನ್ನಾಥ ಶೆಟ್ಟರೂ ನಮ್ಮ ಕರಾವಳಿಯಿಂದಲೇ ಬಂದವರು. ಕಟ್ಟಡ ಕೆಲಸದ ಜಾಗಗಳಲ್ಲಿ ಕಲಬುರಗಿ, ವಿಜಯಪುರ, ಯಾದಗಿರಿಯ ಕನ್ನಡ ಕಿವಿಗೆ ಬೀಳುತ್ತದೆ. "ಯಾವೂರ ಅಣ್ಣಾ?" ಎಂದು ಕೇಳಿ ನೋಡಿ. ಹೆಂಡಿರು-ಮಕ್ಕಳನ್ನು ಊರಲ್ಲಿ ಬಿಟ್ಟು ಬಂದ ಅವರಿಗೂ ಅದೇ ಮಾತು ಬೇಕಾಗಿರುತ್ತದೆ.

ಡಿಸೆಂಬರ್‌ನಲ್ಲಿ ಸವಾಯಿ ಗಂಧರ್ವ ಮಹೋತ್ಸವ ಬರುತ್ತದೆ. ಕುಂದಗೋಳದ ರಾಮಭಾವು ಕುಂದಗೋಳಕರ ಅವರೇ ಸವಾಯಿ ಗಂಧರ್ವರು. ಅವರ ನೆನಪಿಗೆ 1953ರಲ್ಲಿ ಶುರುವಾದ ಈ ಸಂಗೀತೋತ್ಸವವನ್ನು ದಶಕಗಳ ಕಾಲ ನಡೆಸಿದವರು ಅವರ ಶಿಷ್ಯ, ಗದಗಿನಿಂದ ಬಂದು ಪುಣೆಯನ್ನೇ ಮನೆ ಮಾಡಿಕೊಂಡ ಭೀಮಸೇನ ಜೋಶಿ. ಧಾರವಾಡ ಸೀಮೆಯ ಮಕ್ಕಳು ಒಂದು ಸಂಜೆಯಾದರೂ ಹೋಗಿ ಕೂರಬೇಕು.

ಹಬ್ಬಗಳಲ್ಲಿ ಸಾಮ್ಯ ಹುಡುಕಿ. ಯುಗಾದಿಯ ದಿನವೇ ಗುಡಿ ಪಾಡವಾ, ಬೇವು-ಬೆಲ್ಲ ಇಲ್ಲೂ ಉಂಟು. ಸಂಕ್ರಾಂತಿಯ ಎಳ್ಳು-ಬೆಲ್ಲ ಇಲ್ಲಿ ತಿಳಗೂಳ. ದಸರೆಗೆ ನಮ್ಮಲ್ಲಿ ಬನ್ನಿ ಕೊಟ್ಟು 'ಬಂಗಾರದಂಗ ಇರೂಣು' ಎಂದಂತೆ ಇಲ್ಲಿ ಆಪಟಾ ಎಲೆ ಕೊಟ್ಟು ಚಿನ್ನವೆನ್ನುತ್ತಾರೆ. ಗೌರಿ ಮಾತ್ರ ಬೇರೆ: ನಮ್ಮಲ್ಲಿ ಗಣಪತಿಯ ಹಿಂದಿನ ದಿನ ಬಂದರೆ ಇಲ್ಲಿ ಎರಡು-ಮೂರು ದಿನ ತಡವಾಗಿ ಬರುತ್ತಾಳೆ. ಮರಾಠಿ ಗೆಳೆಯರು ಮನೆಗೆ ಕರೆದರೆ ಸಂಕೋಚಪಡದೆ ಹೋಗಿ.

ಊರಿಗೆ ಹೋಗಿ ಬರುವುದು

ಮೊದಲ ಭೇಟಿ ಬಂದ ನಾಲ್ಕರಿಂದ ಆರು ವಾರದ ಮೇಲೆ ಇರಲಿ. ವಾರ ವಾರ ಹೋದರೆ ಬೇಸರದ ಗಾಯ ವಾರ ವಾರ ಹಸಿಯಾಗುತ್ತದೆ. ಹೋಗುವ ಟಿಕೆಟ್ ಜೊತೆಗೇ ಬರುವ ಟಿಕೆಟ್ಟನ್ನೂ ತೆಗೆಸಿ. ಇಲ್ಲದಿದ್ದರೆ 'ನಾಳೆ ಹೋದರಾಯ್ತು' ಎಂದು ಒಂದು ದಿನ ಮೂರಾಗುತ್ತದೆ, ತಪ್ಪಿದ ಪಾಠ ಇನ್ನೊಂದು ಭಾರವಾಗುತ್ತದೆ.

ರೈಲಿನ ಮುಂಗಡ ಬುಕಿಂಗ್ 2024ರ ನವೆಂಬರ್‌ನಿಂದ 60 ದಿನ ಮೊದಲು ತೆರೆಯುತ್ತದೆ. ಮೊದಲು 120 ದಿನವಿತ್ತು, ಹಳಬರ ಮಾತು ನಂಬಿ ಲೆಕ್ಕ ತಪ್ಪಬೇಡಿ. ದೀಪಾವಳಿಗೆ ಹೋಗುವವರು ಪಂಚಾಂಗದಲ್ಲಿ ನರಕ ಚತುರ್ದಶಿ ನೋಡಿ, ಎರಡು ದಿನ ಮೊದಲಿನ ಪ್ರಯಾಣಕ್ಕೆ 60 ದಿನ ಹಿಂದಕ್ಕೆ ಎಣಿಸಿ ಮೊಬೈಲಿನಲ್ಲಿ ಗುರುತು ಹಾಕಿಡಿ. ತತ್ಕಾಲ್ ಹಿಂದಿನ ದಿನ, ಎಸಿಗೆ ಬೆಳಿಗ್ಗೆ 10ಕ್ಕೆ, ಸ್ಲೀಪರಿಗೆ 11ಕ್ಕೆ ತೆರೆಯುತ್ತದೆ. 2025ರ ಜುಲೈನಿಂದ ಅದಕ್ಕೆ ಟಿಕೆಟ್ ಬುಕ್ ಮಾಡುವ ಐಆರ್‌ಸಿಟಿಸಿ ಖಾತೆಗೆ ಆಧಾರ್ ಜೋಡಿಸಿರಬೇಕು, ಈ ಕೆಲಸವನ್ನು ಮೊದಲೇ ಮುಗಿಸಿಕೊಳ್ಳಿ. ಹುಬ್ಬಳ್ಳಿ, ಧಾರವಾಡ, ಬೆಳಗಾವಿಯವರಿಗೆ 2024ರ ಸೆಪ್ಟೆಂಬರ್‌ನಲ್ಲಿ ಶುರುವಾದ ವಂದೇ ಭಾರತ್ ಇದೆ. ದಿನವೂ ಓಡುವುದಿಲ್ಲ, ದಿನ ನೋಡಿ ಬುಕ್ ಮಾಡಿ. ಕಲಬುರಗಿ, ಬೆಂಗಳೂರಿನವರಿಗೆ ಉದ್ಯಾನ್ ಎಕ್ಸ್‌ಪ್ರೆಸ್, ಬೆಂಗಳೂರಿಗೆ ಸುಮಾರು 20 ತಾಸು. ವಿಜಯಪುರದವರು ಸೊಲ್ಲಾಪುರದ ತನಕ ರೈಲಿನಲ್ಲಿ ಬಂದು, ಅಲ್ಲಿಂದ ಸುಮಾರು 100 ಕಿಲೋಮೀಟರ್ ಬಸ್ಸಿನಲ್ಲಿ ಹೋಗಬಹುದು.

ಮರಳಿ ಬರುವುದು ಸೋಮವಾರ ನಸುಕಿಗಲ್ಲ, ಶನಿವಾರ ರಾತ್ರಿ ಅಥವಾ ರವಿವಾರ ಬೆಳಿಗ್ಗೆ. ನಿದ್ದೆಗೆಟ್ಟು ಸ್ವಾರಗೇಟಿನಿಂದ ನೇರ ಕ್ಲಾಸಿಗೆ ಹೋದವರಿಗೆ ಆ ವಾರವಿಡೀ ಭಾರ. ದೀಪಾವಳಿ ರಜೆಯ ನಂತರ ಬೇಸರ ಇನ್ನೊಮ್ಮೆ ಜೋರಾಗಿ ಬರುತ್ತದೆ, 'ವಾಸಿಯಾಗಿತ್ತು, ಮತ್ತೆ ಶುರುವಾಯಿತು' ಎಂದು ಗಾಬರಿಯಾಗಬೇಡಿ. ಮೊದಲ ಸಲದಷ್ಟು ದಿನ ಅದು ಉಳಿಯುವುದಿಲ್ಲ. ಬಂದ ದಿನವೇ ಬ್ಯಾಗು ಬಿಚ್ಚಿ, ಸಂಜೆ ಟೇಕಡಿಗೆ ಹೋಗಿ.

ಇದು ಬರೀ ನೆನಪಲ್ಲದಿದ್ದರೆ

ಮನೆಯ ನೆನಪು ಗೆಳೆಯರ ನಡುವೆ, ಆಟದಲ್ಲಿ, ಒಳ್ಳೆಯ ಊಟದ ಹೊತ್ತಿನಲ್ಲಿ ಸ್ವಲ್ಪ ಕೈಬಿಡುತ್ತದೆ. ಖಿನ್ನತೆ ಬಿಡುವುದಿಲ್ಲ, ಊರಿಗೆ ಹೋದರೂ ಮುಖ ಅರಳುವುದಿಲ್ಲ. ಎರಡು ವಾರ ಒಂದೇ ಸಮನೆ ನಿದ್ದೆ ಇಲ್ಲದಿದ್ದರೆ, ಊಟ ಬಿಟ್ಟು ತೂಕ ಇಳಿದರೆ, ಕ್ಲಾಸಿಗೆ ಹೋಗಲು ಆಗದಿದ್ದರೆ, ಬದುಕಿ ಏನು ಮಾಡಲಿ ಎಂಬ ಮಾತು ಒಮ್ಮೆಯಾದರೂ ಮನಸ್ಸಿಗೆ ಬಂದರೆ ಕಾಯಬೇಡಿ. ಟೆಲಿ ಮಾನಸ್ ಸಹಾಯವಾಣಿ 14416 (ಅಥವಾ 1800-89-14416) ಹಗಲು-ರಾತ್ರಿ ಉಚಿತವಾಗಿದೆ, ಕನ್ನಡವನ್ನು ಆರಿಸಿಕೊಂಡು ಮಾತಾಡಬಹುದು. ಜೊತೆಗಾರ ಹೀಗಿದ್ದರೆ ರಾತ್ರಿ ಅವನನ್ನು ಒಂಟಿ ಬಿಡಬೇಡಿ. ಅವನು ಬೇಡವೆಂದರೂ ಅವನ ಮನೆಗೆ ತಿಳಿಸಿ.

ಎಲ್ಲ ಮಾಡಿಯೂ ಇಲ್ಲಿ ಇರಲಾಗದು ಎಂದೆನಿಸಿದರೆ ಬಿಟ್ಟುಹೋಗುವುದೂ ಒಂದು ದಾರಿ, ಅದರಲ್ಲಿ ಅವಮಾನವಿಲ್ಲ. ಆ ತೀರ್ಮಾನವನ್ನು ಮೊದಲ ಆರು ವಾರದಲ್ಲಿ, ರಾತ್ರಿ ಹೊತ್ತಿನಲ್ಲಿ, ಊರಿಂದ ಮರಳಿದ ವಾರದಲ್ಲಿ ಮಾತ್ರ ಮಾಡಬೇಡಿ. ಸೆಮಿಸ್ಟರ್ ಪರೀಕ್ಷೆ ಬರೆದು ಮುಗಿಸಿ, ಅಂಕಪಟ್ಟಿ ಕೈಗೆ ಬಂದರೆ ಬೇರೆ ಕಾಲೇಜು ಹುಡುಕುವಾಗ ನೆರವಾಗುತ್ತದೆ. ಅರ್ಜಿಯನ್ನು ಬರಹದಲ್ಲಿ ಕೊಟ್ಟು ಸ್ವೀಕೃತಿಯ ಮುದ್ರೆ ಹಾಕಿಸಿಕೊಳ್ಳಿ, ವರ್ಗಾವಣೆ ಪತ್ರ ಮತ್ತು ಮೈಗ್ರೇಶನ್ ಪ್ರಮಾಣಪತ್ರ ಎರಡನ್ನೂ ಕೇಳಿ. ಮೂಲ ಅಂಕಪಟ್ಟಿಗಳನ್ನು ಕಾಲೇಜು ತನ್ನ ಬಳಿ ಇಟ್ಟುಕೊಳ್ಳುವಂತಿಲ್ಲ ಎಂದು ಯುಜಿಸಿ 2018ರಲ್ಲೇ ಹೇಳಿದೆ. ಕೊಡಲು ತಡಮಾಡಿದರೆ ಅದನ್ನು ಅರ್ಜಿಯಲ್ಲೇ ಬರೆಯಿರಿ.